ಹಿತ್ತಲ ಗಿಡವೂ ಮುಚ್ಚಿಟ್ಟ ಮಾತೂ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಕೈಗೆ ಸುಲಭವಾಗಿ ಸಿಕ್ಕುವ ವಸ್ತುವಿನ ಬೆಲೆಯನ್ನು ಮನುಷ್ಯ ಅರಿಯಲಾರನೆಂಬುದು ಅದರ ಇಂಗಿತ. ಆದರೆ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಮಟ್ಟಿಗೆ ಈ ಗಾದೆ ಅಷ್ಟಾಗಿ ಸಲ್ಲುವುದಿಲ್ಲ. ಇಲ್ಲಿನ ಜನರಿಗೆ ಹಿತ್ತಲ ಗಿಡವೇ ಮೊದಲ ಮದ್ದು. ಮೈ ಉಷ್ಣವಾದರೆ ಒಂದೆಲಗದ ತಂಬುಳಿ, ನೆಗಡಿಯಾದರೆ ಕಾಳುಮೆಣಸಿನ ಕಷಾಯ, ಜ್ವರ ಬಿಟ್ಟಮೇಲೆ ಅಮೃತಬಳ್ಳಿ. ಹೀಗೆ ಅಡುಗೆಮನೆಗೂ ಔಷಧಾಲಯಕ್ಕೂ ನಡುವೆ ಗೋಡೆಯಿಲ್ಲದ ನಾಡು ಇದು. ಈ ಊರುಗಳ ನಾಟಿ ವೈದ್ಯರ ತಿಳಿವಳಿಕೆ ವಿದ್ವಾಂಸರ ಗಮನವನ್ನೂ ಸೆಳೆದಿದೆ. ಸಾಗರ ತಾಲೂಕಿನ ಗಿಡಮೂಲಿಕೆಗಳ ಬಳಕೆಯನ್ನು ಕುವೆಂಪು ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞರು ಹಳ್ಳಿಹಳ್ಳಿ ತಿರುಗಿ ಸಂಗ್ರಹಿಸಿ, 2010ರಲ್ಲಿ ಪ್ರಕಟಿಸಿದರು.

ಇಂತಹ ನಾಡಿಗೂ ಮಧುಮೇಹ ಕಾಲಿಟ್ಟಿದೆ. ಅದು ಪೇಟೆಯ ಸಿರಿವಂತರ ಕಾಯಿಲೆಯೆಂದು ಹೇಳುತ್ತಿದ್ದ ಕಾಲ ಕಳೆದುಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆ. ಈ ಕಾಯಿಲೆ ಮಲೆನಾಡಿನ ಮನೆಗೆ ಬಂದೊಡನೆ, ಅದರ ಬೆನ್ನಿಗೇ ಹತ್ತಾರು ಮದ್ದುಗಳೂ ಬರುತ್ತವೆ. ನೆನೆಸಿದ ಮೆಂತ್ಯ, ಹಾಗಲಕಾಯಿಯ ರಸ, ನೇರಳೆ ಬೀಜದ ಪುಡಿ, ಏಕನಾಯಕನ ಬೇರಿನ ಕಷಾಯ, ಹೊನ್ನೆ ಮರದ ಲೋಟದಲ್ಲಿ ರಾತ್ರಿಯಿಡೀ ಇರಿಸಿದ ನೀರು ಇವೆಲ್ಲ ಎಲ್ಲರಿಗೂ ಪರಿಚಿತವಾದವು. ಮಧುನಾಶಿನಿಯ ಎಲೆಯನ್ನು ಅಗಿದು ಸಕ್ಕರೆ ತಿಂದರೆ ಸ್ವಲ್ಪ ಹೊತ್ತು ಸಿಹಿಯೇ ತಿಳಿಯುವುದಿಲ್ಲ. ಈ ಸೋಜಿಗವನ್ನು ಕಂಡವರಿಗೆ, ನಾಲಗೆಯ ಸಿಹಿಯನ್ನು ಅಳಿಸಿದ ಎಲೆ ರಕ್ತದ ಸಿಹಿಯನ್ನೂ ಅಳಿಸೀತೆಂಬ ನಂಬಿಕೆ ಹುಟ್ಟುವುದು ಸಹಜ.

ಜನ ಏಕೆ ಹೀಗೆ ಮಾಡುತ್ತಾರೆ? ಅಜ್ಞಾನದಿಂದ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನ್ಯಾಯವಲ್ಲ. ಮಧುಮೇಹವು ಒಂದು ವಾರ ಗುಳಿಗೆ ನುಂಗಿದರೆ ವಾಸಿಯಾಗುವ ಕಾಯಿಲೆಯಲ್ಲ. ಸಾಮಾನ್ಯವಾಗಿ ಬಾಳಿನುದ್ದಕ್ಕೂ ಜತೆಯಲ್ಲಿರುವಂಥದು. ಬದುಕಿರುವವರೆಗೂ ಮಾತ್ರೆ ನುಂಗಬೇಕೆಂಬ ಮಾತು ಯಾರನ್ನಾದರೂ ಕಂಗೆಡಿಸುತ್ತದೆ. ಜತೆಗೆ ಆಸ್ಪತ್ರೆಯ ದೂರವೂ ಒಂದು ಕಾರಣ. ಶರಾವತಿಯ ಹಿನ್ನೀರಿನಾಚೆಯ ತುಮರಿ ಸೀಮೆಯವರು ಸಾಗರಕ್ಕೆ ಬರಬೇಕಾದರೆ ದಶಕಗಳ ಕಾಲ ಲಾಂಚಿಗಾಗಿ ಕಾಯಬೇಕಾಗಿತ್ತು. ಅಲ್ಲಿ ಸೇತುವೆ ತೆರೆದದ್ದು 2025ರ ಜುಲೈ ತಿಂಗಳಿನಲ್ಲಿ. ಕರೆದರೆ ಓಗೊಡುವಷ್ಟು ಸಮೀಪದಲ್ಲಿರುವ, ಮನೆಮಂದಿಯ ಹೆಸರು ಹಿಡಿದು ವಿಚಾರಿಸುವ ಪಂಡಿತರಲ್ಲಿ ಜನರಿಗೆ ವಿಶ್ವಾಸ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ಹಸಿರು ಮದ್ದೆಲ್ಲ ಮೂಢನಂಬಿಕೆಯೆಂಬ ಮಾತೂ ಸರಿಯಲ್ಲ. ಚರಕ, ಸುಶ್ರುತರ ಸಂಹಿತೆಗಳು ಪ್ರಮೇಹವನ್ನು ಇಪ್ಪತ್ತು ಬಗೆಯಾಗಿ ವಿಂಗಡಿಸಿ ವಿವರಿಸಿವೆ. ಇಂದು ಪ್ರಪಂಚದಲ್ಲೆಲ್ಲ ಮಧುಮೇಹಿಗಳು ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ವಂಶಾವಳಿಯನ್ನು ಹುಡುಕುತ್ತ ಹೋದರೆ ನಾವು ತಲಪುವುದು ಗ್ಯಾಲೆಗಾ ಎಂಬ ಯೂರೋಪಿನ ಗಿಡವೊಂದನ್ನು. ಆ ಗಿಡದ ಸಾರಕ್ಕೆ ರಕ್ತದ ಸಕ್ಕರೆಯನ್ನು ಇಳಿಸುವ ಗುಣವಿತ್ತು, ವಿಷವೂ ಇತ್ತು. ವಿಜ್ಞಾನಿಗಳು ಆ ಸಾರದ ರಚನೆಯ ಜಾಡನ್ನು ಹಿಡಿದು ಸುರಕ್ಷಿತವಾದ ಬೇರೊಂದು ವಸ್ತುವನ್ನು ತಯಾರಿಸಿದರು. 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟು ಫಲವನ್ನು ಪ್ರಕಟಿಸಿದರು. ನಮ್ಮ ಹೊನ್ನೆಯನ್ನೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಪರೀಕ್ಷಿಸಿ, 1998ರಲ್ಲಿ ವರದಿಯನ್ನು ಪ್ರಕಟಿಸಿತು. ಹೊಸದಾಗಿ ರೋಗ ಪತ್ತೆಯಾದ 97 ಮಂದಿಯಲ್ಲಿ 67 ಮಂದಿಗೆ ಹನ್ನೆರಡು ವಾರಗಳಲ್ಲಿ ಸಕ್ಕರೆ ಹತೋಟಿಗೆ ಬಂದಿತು. ಆದರೆ ಅವರು ರೋಗದ ಆರಂಭದಲ್ಲಿದ್ದವರು. ಅವರಿಗೆ ಕೊಟ್ಟದ್ದು ಅಳತೆಮಾಡಿದ ಸಾರ. ಪ್ರತಿ ಹಂತದಲ್ಲಿಯೂ ರಕ್ತಪರೀಕ್ಷೆ ನಡೆಯುತ್ತಿತ್ತು. ಹಿತ್ತಲ ಗಿಡಕ್ಕೂ ಮದ್ದಿಗೂ ನಡುವೆ ಇರುವ ದಾರಿ ಯಾವುದೆಂಬುದನ್ನು ಈ ಎರಡು ನಿದರ್ಶನಗಳೂ ತೋರಿಸುತ್ತವೆ. ಅಳೆಯುವುದು, ಪರೀಕ್ಷಿಸುವುದು, ಕಂಡದ್ದನ್ನು ಬಚ್ಚಿಡದೆ ಹೇಳುವುದು, ಇವೇ ಆ ದಾರಿ.

ಹಾಗಾದರೆ ಅಪಾಯವಿರುವುದು ಎಲ್ಲಿ? ನನ್ನ ಅಭಿಪ್ರಾಯದಲ್ಲಿ, ಎಲೆಗಿಂತ ಹೆಚ್ಚಿನ ಅಪಾಯ ಮೌನದಲ್ಲಿದೆ. ತೀರ್ಥಹಳ್ಳಿಯ ಕಡೆಯ ನಮ್ಮ ಬಂಧುಗಳೊಬ್ಬರ ಪ್ರಸಂಗವನ್ನು ಹೇಳಿದರೆ ಈ ಮಾತು ಸ್ಪಷ್ಟವಾದೀತು. ಅರುವತ್ತು ದಾಟಿದ ಆ ಹಿರಿಯರು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದರು. ಜತೆಗೆ, ಯಾರಿಗೂ ಹೇಳದೆ, ಬೆಳಗ್ಗೆ ಹಾಗಲಕಾಯಿಯ ರಸವನ್ನೂ ಮಧುನಾಶಿನಿಯ ಕಷಾಯವನ್ನೂ ಕುಡಿಯತೊಡಗಿದ್ದರು. ಅಡಿಕೆ ಕೊಯ್ಲಿನ ದಿನಗಳು. ಒಂದು ಬೆಳಗ್ಗೆ ಮಾತ್ರೆಯನ್ನೂ ಕಷಾಯವನ್ನೂ ಸೇವಿಸಿ, ತಿಂಡಿಗೆ ಕಾಯದೆ ತೋಟಕ್ಕೆ ಇಳಿದರು. ಸ್ವಲ್ಪ ಹೊತ್ತಿನಲ್ಲಿಯೇ ಮೈಯೆಲ್ಲ ಬೆವೆತು, ಕೈ ನಡುಗಿ, ಮಾತು ತೊದಲಿ ಮರದ ಬುಡದಲ್ಲಿ ಕುಸಿದರು. ಎಚ್ಚರ ಪೂರ್ತಿ ತಪ್ಪುವ ಮೊದಲೇ ಸೊಸೆ ಓಡಿಬಂದು ಸಕ್ಕರೆ ನೀರನ್ನು ಕುಡಿಸಿದ್ದರಿಂದ ಜೀವ ಉಳಿಯಿತು. ಸಕ್ಕರೆ ಏರುವುದಷ್ಟೇ ಕೇಡೆಂದು ತಿಳಿದಿದ್ದ ಮನೆಯವರಿಗೆ, ಅದು ಮಿತಿಮೀರಿ ಇಳಿಯುವುದು ಕೂಡಲೇ ಪ್ರಾಣಕ್ಕೆ ಎರವಾಗಬಹುದೆಂಬುದು ಅಂದು ತಿಳಿಯಿತು.

ಅಂದು ಸಂಜೆ ವೈದ್ಯರು ಕೇಳಿದರು: “ರಾಯರೇ, ಬೇರೆ ಮದ್ದು ಏನಾದರೂ ಮಾಡುತ್ತಿದ್ದೀರೇನು ಎಂದು ಕಳೆದ ತಿಂಗಳೇ ಕೇಳಿದ್ದೆನಲ್ಲ, ಇಲ್ಲವೆಂದಿರಿ?”

ಹಿರಿಯರು ತಲೆ ತಗ್ಗಿಸಿ, “ಹೇಳಿದರೆ ನೀವು ಬಯ್ಯುತ್ತೀರೆಂದು ಹೆದರಿದೆ, ಡಾಕ್ಟರೇ” ಎಂದರು. “ಹಿಂದೊಮ್ಮೆ ಬೇರೊಂದು ಕಡೆ ಸೊಪ್ಪಿನ ಹೆಸರೆತ್ತಿದ್ದಕ್ಕೆ, ಹಾಗಾದರೆ ಇಲ್ಲಿಗೇಕೆ ಬಂದಿರಿ ಎಂದು ಗದರಿದ್ದರು.”

“ಪಂಡಿತರಿಗಾದರೂ ನಮ್ಮ ಮಾತ್ರೆಯ ವಿಷಯ ಹೇಳಿದ್ದಿರಾ?”

“ಅವರಿಗೂ ಹೇಳಲಿಲ್ಲ. ನನ್ನ ಮದ್ದಿನ ಮೇಲೆ ನಂಬಿಕೆಯಿಲ್ಲವೇ ಎಂದು ನೊಂದುಕೊಂಡಾರು ಎನ್ನಿಸಿತು.”

ಇಬ್ಬರು ವೈದ್ಯರಿದ್ದರೂ ಆ ಹಿರಿಯರ ದೇಹದೊಳಗೆ ನಡೆಯುತ್ತಿದ್ದುದನ್ನು ಇಬ್ಬರೂ ಅರಿಯರು. ಒಬ್ಬರಿಗೆ ಭಯದಿಂದ, ಇನ್ನೊಬ್ಬರಿಗೆ ದಾಕ್ಷಿಣ್ಯದಿಂದ ಸತ್ಯವನ್ನು ಮುಚ್ಚಿಟ್ಟದ್ದರ ಫಲ ಇದು. ವೈದ್ಯರಲ್ಲಿಯೂ ವಕೀಲರಲ್ಲಿಯೂ ಸುಳ್ಳು ಹೇಳಬಾರದೆನ್ನುತ್ತಾರೆ. ಆದರೆ ಸುಳ್ಳು ಹೇಳಿದವನದಷ್ಟೇ ತಪ್ಪಲ್ಲ. ಸತ್ಯ ಹೇಳಲು ಹೆದರುವಂತೆ ಮಾಡಿದವರ ತಪ್ಪೂ ಅದರಲ್ಲಿ ಸೇರಿದೆ.

ಇದಕ್ಕಿಂತಲೂ ಘೋರವಾದ ತಪ್ಪು ಇನ್ನೊಂದಿದೆ. ಹಸಿರು ಮದ್ದನ್ನು ನಂಬಿ, ನಡೆಯುತ್ತಿರುವ ಚಿಕಿತ್ಸೆಯನ್ನು ತಾವಾಗಿಯೇ ನಿಲ್ಲಿಸುವುದು. ರಕ್ತದ ಸಕ್ಕರೆ ಏರಿದರೆ ಬಹುಕಾಲ ನೋವಿರುವುದಿಲ್ಲ. ಕಣ್ಣು, ಮೂತ್ರಪಿಂಡ, ಕಾಲಿನ ನರ ಇವು ಸದ್ದಿಲ್ಲದೆ ಸವೆಯುತ್ತವೆ. ಸ್ಪರ್ಶಜ್ಞಾನ ಕುಂದಿದ ಕಾಲಿಗೆ ಮುಳ್ಳು ಹೊಕ್ಕರೂ ತಿಳಿಯುವುದಿಲ್ಲ. ಬರಿಗಾಲಿನಲ್ಲಿ ಗದ್ದೆ ತೋಟ ತಿರುಗುವ ನಮ್ಮವರಲ್ಲಿ ಒಂದು ಸಣ್ಣ ಗಾಯ ಪಾದವನ್ನೇ ಬಲಿ ತೆಗೆದುಕೊಳ್ಳಬಹುದು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ನೇ ಹುಟ್ಟದ ಮಧುಮೇಹಿಗಳ ಪಾಡು ಇನ್ನೂ ಕಠಿನ. ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ಇನ್ಸುಲಿನ್ನನ್ನು ಬೇರ್ಪಡಿಸಿ, 1922ರ ಜನವರಿಯಲ್ಲಿ ಅದು ಮೊದಲ ಬಾರಿಗೆ ಒಬ್ಬ ಬಾಲಕನ ದೇಹವನ್ನು ಸೇರುವವರೆಗೆ ಇಂತಹ ಮಕ್ಕಳಿಗೆ ಬದುಕುವ ದಾರಿಯೇ ಇರಲಿಲ್ಲ. ಅಂಥವರು ಇನ್ಸುಲಿನ್ ಬಿಟ್ಟರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ. ಈಚೆಗೆ ಅಂಗಳದ ಕುಂಡಗಳಲ್ಲೆಲ್ಲ ಕಾಣುವ ‘ಇನ್ಸುಲಿನ್ ಗಿಡ’ಕ್ಕೆ ಆ ಹೆಸರಿದೆಯೆಂದ ಮಾತ್ರಕ್ಕೆ, ಅದರ ಎಲೆ ಚುಚ್ಚುಮದ್ದಿನ ಸ್ಥಾನವನ್ನು ತುಂಬಲಾರದು. ಇನ್ಸುಲಿನ್ನನ್ನು ಹಾಗೆಯೇ ನುಂಗಿದರೆ ಅದು ಅನ್ನದಂತೆ ಜೀರ್ಣವಾಗಿ ಹೋಗುತ್ತದೆ, ಚುಚ್ಚಿಕೊಳ್ಳುವುದು ಅದಕ್ಕಾಗಿಯೇ.

ಮಧುಮೇಹವನ್ನು ಬುಡಸಹಿತ ಕಿತ್ತುಹಾಕುತ್ತೇವೆಂದು ಜಾಹೀರಾತು ಕೊಡುವವರ ವಿಷಯದಲ್ಲಂತೂ ಎಚ್ಚರ ಅಗತ್ಯ. ಇಂತಹ ಜಾಹೀರಾತನ್ನು ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ 1954ರಿಂದಲೇ ಇದೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಔಷಧಿಗಳಲ್ಲಿ 14ರೊಳಗೆ ಸೀಸ, ಪಾದರಸ ಅಥವಾ ಪಾಷಾಣ ಕಂಡುಬಂದವು. ಕಣ್ಣೆದುರು ಬೆಳೆದ ಹಾಗಲಕಾಯಿಯೇ ಬೇರೆ, ಹೆಸರು ವಿಳಾಸವಿಲ್ಲದ ಪುಡಿಯ ಪೊಟ್ಟಣವೇ ಬೇರೆ.

ಪುರಾತನರನ್ನು ಗೌರವಿಸುವವರು ಅವರ ಮಾತನ್ನು ಪೂರ್ತಿಯಾಗಿ ಕೇಳಬೇಕು. ಪ್ರಮೇಹಿಯು ನೂರು ಯೋಜನ ನಡೆಯಬೇಕು, ಬಾವಿ ತೋಡಬೇಕು ಎಂಬ ಅರ್ಥದ ಮಾತು ಸುಶ್ರುತಸಂಹಿತೆಯಲ್ಲಿದೆ. ಕಷಾಯವನ್ನು ಮಾತ್ರ ನೆನಪಿಟ್ಟು ನಡಿಗೆಯನ್ನೂ ಪಥ್ಯವನ್ನೂ ಮರೆತವರು ಹಳೆಯ ವೈದ್ಯಕ್ಕೂ ಹೊಸ ವೈದ್ಯಕ್ಕೂ ಸಲ್ಲದವರಾಗುತ್ತಾರೆ. ಊಟದ ಮಿತಿ, ದೇಹದ ದುಡಿಮೆ ಇವೆರಡರ ವಿಷಯದಲ್ಲಿ ಆಸ್ಪತ್ರೆಗೂ ಪಂಡಿತರ ಮನೆಗೂ ಭೇದವಿಲ್ಲ.

ಆದುದರಿಂದ ಆಗಬೇಕಾದುದು ಇಷ್ಟು. ವೈದ್ಯರು ಗದರಿಸದೆ ಕೇಳಬೇಕು. ಕೇಳಿದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಪಂಡಿತರು ರೋಗಿಯ ಮಾತ್ರೆಯನ್ನು ನಿಲ್ಲಿಸಹೇಳದೆ, ರಕ್ತಪರೀಕ್ಷೆಯ ಫಲವನ್ನು ತಮ್ಮ ಮದ್ದಿನ ಒರೆಗಲ್ಲಾಗಿ ಒಪ್ಪಿಕೊಳ್ಳಬೇಕು. ರೋಗಿಯು ಇಬ್ಬರಲ್ಲಿಯೂ ಒಂದೇ ಮಾತನ್ನು ಆಡಬೇಕು.

ಇದರಲ್ಲಿ ವಿದ್ಯಾರ್ಥಿಗಳಿಗೂ ಒಂದು ಪಾತ್ರವಿದೆ. ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಮಧುಮೇಹಿಗಳಾಗಿರಬಹುದು. ಮಾತ್ರೆಯ ಹಾಳೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಬಲ್ಲವರು ಆ ಮನೆಯಲ್ಲಿ ಬಹುಶಃ ನೀವೇ. ಒಂದು ಕಾಗದದಲ್ಲಿ ಅವರು ನುಂಗುವ ಮಾತ್ರೆಗಳ ಹೆಸರನ್ನೂ, ಅದರ ಕೆಳಗೆ ಅವರು ಕುಡಿಯುವ ಕಷಾಯ, ಪುಡಿ, ಬೇರುಗಳ ಹೆಸರನ್ನೂ, ಯಾವುದನ್ನು ಯಾವ ಹೊತ್ತಿನಲ್ಲಿ ಸೇವಿಸುತ್ತಾರೆಂಬುದನ್ನೂ ಬರೆಯಿರಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಕಾಗದ ಅವರ ಜೇಬಿನಲ್ಲಿರಲಿ. ಪಂಡಿತರ ಮನೆಗೆ ಹೋಗುವಾಗಲೂ ಅದೇ ಕಾಗದ ಇರಲಿ. ನಮ್ಮ ಬಂಧುಗಳ ಮನೆಯಲ್ಲಿ ಈಗ ಅಂತಹ ಕಾಗದವೊಂದು ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ತೂಗುತ್ತಿದೆ. ಬರೆದವಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು.