ಹೊರೆ ಹೊತ್ತ ಬೆನ್ನು

ಹಳೆಯ ಮೈಸೂರು ಸೀಮೆಯ ದಾರಿಗಳ ಬದಿಯಲ್ಲಿ ಅಲ್ಲಲ್ಲಿ ಹೊರೆಗಲ್ಲುಗಳು ಇಂದಿಗೂ ಕಾಣಸಿಗುತ್ತವೆ. ಎರಡು ಕಲ್ಲುಗಳನ್ನು ಆಳೆತ್ತರಕ್ಕೆ ನೆಟ್ಟು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿಯನ್ನು ಇರಿಸಿದ ಸರಳವಾದ ರಚನೆ ಅದು. ತಲೆಯ ಮೇಲೆ ಹೊರೆ ಹೊತ್ತು ಸಂತೆಗೆ ನಡೆಯುವವನು ಇನ್ನೊಬ್ಬರ ನೆರವಿಲ್ಲದೆ ಹೊರೆಯನ್ನು ಅದರ ಮೇಲೆ ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಾನೇ ತಲೆಗೇರಿಸಿಕೊಂಡು ಮುಂದೆ ಸಾಗುತ್ತಿದ್ದನು. ಇಂತಹ ಕಲ್ಲನ್ನು ನಿಲ್ಲಿಸುವುದು ಕೆರೆ ಕಟ್ಟಿಸಿದಷ್ಟೇ, ಅರವಟ್ಟಿಗೆ ಇಡಿಸಿದಷ್ಟೇ ಪುಣ್ಯದ ಕೆಲಸವೆಂದು ನಮ್ಮ ಹಿರಿಯರು ಭಾವಿಸಿದ್ದರು. ಆದರೆ ಅದೇ ದಾರಿಯಲ್ಲಿ ಬೆನ್ನ ಮೇಲೆ ಮೂಟೆ ಹೊತ್ತು ನಡೆದ ಕತ್ತೆಗಾಗಲಿ, ಗಾಡಿಯೆಳೆದ ಕುದುರೆಗಾಗಲಿ ಆ ಕಲ್ಲಿನಿಂದ ಯಾವ ಉಪಕಾರವೂ ಆಗಲಿಲ್ಲ. ಅವುಗಳ ಹೊರೆಯನ್ನು ಇಳಿಸಬೇಕಾದವನು ಯಜಮಾನನೇ. ಆ ಯಜಮಾನನ ಹೆಗಲ ಮೇಲೆ ಬೇರೊಂದು ಹೊರೆ ಇರುತ್ತಿತ್ತು.

ಚಾಮರಾಜನಗರಕ್ಕೆ ರೈಲು ಬಂದರೂ ಗುಂಡ್ಲುಪೇಟೆಗೆ ಅದು ಇನ್ನೂ ಬಂದಿಲ್ಲ. ಉದಕಮಂಡಲಕ್ಕೂ ಕೇರಳಕ್ಕೂ ಹೋಗುವ ಹೆದ್ದಾರಿಗಳು ಕವಲೊಡೆಯುವ ಈ ಊರು ಹಿಂದಿನಿಂದಲೂ ಗಾಡಿಗಳ ಊರು. ಇಂದು ಅಲ್ಲಿನ ಅರಿಸಿನ, ಟೊಮೊಟೊ, ಕೋಸುಗಳನ್ನು ಲಾರಿ ಟೆಂಪೋಗಳು ಸಾಗಿಸುತ್ತವೆ. ಒಂದು ಕಾಲದಲ್ಲಿ ಆ ಭಾರವನ್ನೆಲ್ಲ ಹೊತ್ತು ಎಳೆದದ್ದು ಹಳ್ಳಿಕಾರ್ ಎತ್ತುಗಳು. ಜನರನ್ನು ಹೊತ್ತದ್ದು ಜಟಕಾ ಕುದುರೆಗಳು. ಕೆರೆಯಂಗಳಕ್ಕೆ ಬಟ್ಟೆಯ ಗಂಟುಗಳನ್ನು, ಕಟ್ಟಡಗಳಿಗೆ ಮಣ್ಣು ಮರಳನ್ನು ಹೊತ್ತದ್ದು ಕತ್ತೆಗಳು. ನಾನು ವಿದ್ಯಾರ್ಥಿಯಾಗಿದ್ದ 1970ರ ದಶಕದಲ್ಲಿ ಜಟಕಾಗಾಡಿ ನಮಗೆಲ್ಲ ಪರಿಚಿತವಾಗಿತ್ತು. ಗಾಡಿಯ ಹಿಂಬದಿಯಲ್ಲಿ ತೂಗುತ್ತಿದ್ದ ಹುಲ್ಲಿನ ಚೀಲ, ಕುದುರೆಯ ಕಣ್ಣುಪಟ್ಟಿ, ಚಕ್ರದ ಕಡ್ಡಿಗಳಿಗೆ ಚಾಟಿಯ ಹಿಡಿಯನ್ನು ತಾಗಿಸಿ ಗಾಡಿಯವನು ಹೊರಡಿಸುತ್ತಿದ್ದ ಕಟಕಟ ಸದ್ದು, ಇವೆಲ್ಲ ನಮಗೆ ವಿನೋದವಾಗಿದ್ದವು. ಕುದುರೆಗೆ ಅದು ವಿನೋದವಾಗಿತ್ತೇ ಎಂದು ಕೇಳುವ ವಯಸ್ಸು ನಮ್ಮದಾಗಿರಲಿಲ್ಲ.

ಬಡವನ ಮನೆಯ ಕುದುರೆಯ ದಿನಚರಿಯನ್ನು ನೀವು ಸ್ವಲ್ಪ ಊಹಿಸಿಕೊಳ್ಳಬೇಕು. ದುಡಿಯುವ ಕುದುರೆಗೆ ದಿನಕ್ಕೆ ಸುಮಾರು 30 ಲೀಟರ್ ನೀರು ಬೇಕು; ಸೆಕೆಯ ದಿನಗಳಲ್ಲಿ ಇನ್ನೂ ಹೆಚ್ಚು ಬೇಕು. ಹುಲ್ಲಿನ ಜೊತೆಗೆ ಬೇಯಿಸಿದ ಹುರುಳಿಯೋ ತೌಡೋ ಬೇಕು. ಆರು ಅಥವಾ ಎಂಟು ವಾರಗಳಿಗೊಮ್ಮೆ ಗೊರಸನ್ನು ಕತ್ತರಿಸಿ ಲಾಳವನ್ನು ಹೊಸದಾಗಿ ಕಟ್ಟಬೇಕು. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ. ಆದ್ದರಿಂದ ಕೆಟ್ಟ ಮೇವು ತಿಂದು ಹೊಟ್ಟೆಶೂಲೆ ಬಂತೆಂದರೆ ಎಷ್ಟೋ ವೇಳೆ ಪ್ರಾಣಕ್ಕೇ ಸಂಚಕಾರ. ಜೀನು ಉಜ್ಜಿ ಬೆನ್ನಿನಲ್ಲಿ ಹುಣ್ಣಾದರೆ ಔಷಧಕ್ಕಿಂತ ಮೊದಲು ಬೇಕಾದದ್ದು ವಿಶ್ರಾಂತಿ. ಆ ವಿಶ್ರಾಂತಿಗೆ ಬೆಲೆ ತೆರುವವರು ಯಾರು? ಕುದುರೆ ಒಂದು ದಿನ ನಿಂತರೆ ಗಾಡಿಯವನ ಮನೆಯಲ್ಲಿ ಒಂದು ದಿನ ಒಲೆ ಉರಿಯುವುದಿಲ್ಲ. ಹತ್ತು ದಿನ ನಿಂತರೆ ಸಾಲ. ಹೀಗಾಗಿ ಹುಣ್ಣಿನ ಮೇಲೆಯೇ ಒಂದು ಗೋಣಿತಟ್ಟನ್ನು ಹೊದಿಸಿ, ಅದರ ಮೇಲೆ ಜೀನು ಬಿಗಿದು ಅವನು ಹೊರಡುತ್ತಾನೆ. ದೂರ ನಿಂತು ನೋಡುವವರಿಗೆ ಇದು ಕ್ರೌರ್ಯವಾಗಿ ತೋರುತ್ತದೆ. ಬಹುಮಟ್ಟಿಗೆ ಅದು ಲೆಕ್ಕಾಚಾರ. ದಿನದ ಕೊನೆಗೆ ಕೈಯಲ್ಲಿ ಉಳಿಯುವ ಪುಡಿಗಾಸಿನ ಲೆಕ್ಕಾಚಾರ.

ಹಾಗೆಂದು ಎಲ್ಲ ತಪ್ಪನ್ನೂ ಬಡತನದ ಮೇಲೆ ಹೊರಿಸುವುದು ನ್ಯಾಯವಲ್ಲ. ಎತ್ತಿನ ಬಾಲ ತಿರುಚುವುದನ್ನು ಬಿಡಲು, ಬಾರುಕೋಲಿನ ತುದಿಯ ಮೊಳೆಯನ್ನು ಕಿತ್ತುಹಾಕಲು, ನೆರಳಿರುವೆಡೆ ಗಾಡಿ ನಿಲ್ಲಿಸಲು ಕಾಸು ಖರ್ಚಾಗುವುದಿಲ್ಲ. ಮುಂಗಾಲುಗಳನ್ನು ಹಗ್ಗದಿಂದ ಬಿಗಿದು ಕತ್ತೆಯನ್ನು ಮೇಯಲು ಬಿಡುವಾಗ, ಆ ಹಗ್ಗಕ್ಕೆ ಒಂದು ಮೆತ್ತನೆಯ ಬಟ್ಟೆ ಸುತ್ತಿದರೆ ಕಾಲು ಕೊಯ್ಯುವುದು ತಪ್ಪುತ್ತದೆ. ಕತ್ತೆ ನೋವನ್ನು ಹೊರಗೆ ತೋರಗೊಡದ ಪ್ರಾಣಿ. ಅದು ಸುಮ್ಮನಿದೆಯೆಂದರೆ ಸುಖವಾಗಿದೆಯೆಂದು ಅರ್ಥವಲ್ಲ. ಕಸ್ತೂರಿಯ ವಾಸನೆ ಕತ್ತೆಗೇನು ಗೊತ್ತು ಎಂಬ ಗಾದೆಯನ್ನು ನಾವೆಲ್ಲ ಧಾರಾಳವಾಗಿ ಬಳಸುತ್ತೇವೆ. ಹೊತ್ತು ತಂದ ಹೊರೆಯಲ್ಲಿ ಅದಕ್ಕೆ ಪಾಲು ಕೊಟ್ಟವರು ಯಾರೆಂದು ಆ ಗಾದೆ ಹೇಳುವುದಿಲ್ಲ. ಎತ್ತಿಗೆ ಸಂಕ್ರಾಂತಿಯಿದೆ, ಕುದುರೆಗೆ ಆಯುಧಪೂಜೆಯಿದೆ. ಕತ್ತೆಗೆ ವರ್ಷದಲ್ಲಿ ಒಂದು ದಿನವೂ ಹಬ್ಬವಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿಲ್ಲವೆಂದಲ್ಲ. ಭರತನಾಟ್ಯದ ಪುನರುಜ್ಜೀವನಕ್ಕಾಗಿ ಹೆಸರಾದ ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯೆಯಾಗಿ ಪ್ರಾಣಿಗಳ ಪರವಾಗಿ ಮಸೂದೆಯೊಂದನ್ನು ಮಂಡಿಸಿದರು. ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಜಾರಿಗೆ ಬಂದಿತು. 1965ರಲ್ಲಿ ಗಾಡಿಯೆಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿಯೇ ನಿಯಮಗಳನ್ನು ರಚಿಸಲಾಯಿತು. ಅವುಗಳ ಪ್ರಕಾರ ಕತ್ತೆಯ ಬೆನ್ನಿನ ಮೇಲೆ 50 ಕಿಲೋಗ್ರಾಂಗಿಂತಲೂ, ತಟ್ಟುವಿನ ಮೇಲೆ 70 ಕಿಲೋಗ್ರಾಂಗಿಂತಲೂ ಹೆಚ್ಚು ಭಾರ ಹೇರಕೂಡದು. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚಾಗಿ, ಬಿಡುವಿಲ್ಲದೆ ಒಂದೇ ಸಮನೆ 5 ಗಂಟೆಗಿಂತ ಹೆಚ್ಚಾಗಿ ದುಡಿಸಕೂಡದು. ಉಷ್ಣತೆ 37 ಡಿಗ್ರಿ ಮೀರುವ ಕಡೆಗಳಲ್ಲಿ ನಡುಹಗಲು 12ರಿಂದ 3 ಗಂಟೆಯವರೆಗೆ ಕೆಲಸಕ್ಕೆ ಹೂಡಕೂಡದು. ನಿಯಮಗಳೇನೋ ಒಳ್ಳೆಯವೇ. ಆದರೆ ಸಂತೆಯ ದಾರಿಯಲ್ಲಿ ತಕ್ಕಡಿ ಹಿಡಿದು ನಿಂತವರನ್ನು ನಾನಂತೂ ಕಂಡಿಲ್ಲ. ಗುಂಡ್ಲುಪೇಟೆಯ ಕಡೆ ಬೇಸಗೆಯಲ್ಲಿಯೂ ಎಷ್ಟೋ ದಿನ ಉಷ್ಣತೆ ಆ 37ರ ಗೆರೆಗಿಂತ ತುಸು ಕೆಳಗೆಯೇ ನಿಲ್ಲುತ್ತದೆ. ಕಾದ ಡಾಂಬರು ರಸ್ತೆಯ ಮೇಲೆ ಕಾಲೂರುವ ಪ್ರಾಣಿಗೆ ಆ ಗೆರೆಯ ಸೂಕ್ಷ್ಮ ತಿಳಿಯದು. ಮೊದಲ ಸಲದ ಅಪರಾಧಕ್ಕೆ ಆ ಕಾಯಿದೆ ಗೊತ್ತುಮಾಡಿದ ದಂಡ 10 ರೂಪಾಯಿಯಿಂದ 50 ರೂಪಾಯಿ. ಉಳ್ಳವನಿಗೆ ಅದು ಲೆಕ್ಕಕ್ಕಿಲ್ಲ. ಇಲ್ಲದವನು ಅದನ್ನು ಕುದುರೆಯ ಹುರುಳಿಯಲ್ಲಿಯೇ ಕಡಿತ ಮಾಡುತ್ತಾನೆ.

ದಂಡಕ್ಕಿಂತ ಹೆಚ್ಚು ಫಲ ಕೊಡುವ ದಾರಿಯೊಂದನ್ನು ಬೆಂಗಳೂರಿನಲ್ಲಿಯೇ ಒಬ್ಬರು ತೋರಿಸಿದ್ದರು. ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಅವರು 1970ರ ದಶಕದಲ್ಲಿ ಎತ್ತಿನ ಗಾಡಿಯನ್ನು ಗಂಭೀರ ಅಧ್ಯಯನದ ವಸ್ತುವನ್ನಾಗಿ ಮಾಡಿದರು. ದೊಡ್ಡ ಉದ್ಯಮಗಳ ಆಡಳಿತವನ್ನು ಕಲಿಸುವ ಸಂಸ್ಥೆಯ ಮುಖ್ಯಸ್ಥರು ನೊಗ ಮೂಕಿಗಳ ವಿಚಾರಕ್ಕೆ ಕೈಹಾಕಿದ್ದನ್ನು ಕಂಡು ನಕ್ಕವರೂ ಇದ್ದಿರಬಹುದು. ಗಾಡಿಯ ತೂಕವನ್ನು ಇಳಿಸಬೇಕು, ಚಕ್ರ ಸರಾಗವಾಗಿ ಉರುಳುವಂತೆ ಮಾಡಬೇಕು, ಕುತ್ತಿಗೆಯನ್ನು ಒತ್ತುವ ನೊಗವನ್ನು ಸುಧಾರಿಸಬೇಕು ಎಂಬುದು ಅವರ ವಾದ. ಇದರಲ್ಲಿ ಕರುಣೆಯೂ ಇದೆ, ಲಾಭವೂ ಇದೆ. ಹೆಗಲು ಹುಣ್ಣಾಗದ ಎತ್ತು ಹೆಚ್ಚು ವರ್ಷ ದುಡಿಯುತ್ತದೆ ಎಂಬ ಮಾತು ಗಾಡಿಯವನಿಗೆ ಬೇಗ ಅರ್ಥವಾಗುತ್ತದೆ; ಉಪದೇಶ ಅಷ್ಟು ಬೇಗ ಅರ್ಥವಾಗುವುದಿಲ್ಲ.

ಇನ್ನೊಂದು ನಿದರ್ಶನ ದೂರದ ಈಜಿಪ್ಟಿನದು. ಮೊದಲನೆಯ ಮಹಾಯುದ್ಧದಲ್ಲಿ ನಮ್ಮ ಮೈಸೂರು ಸಂಸ್ಥಾನದ ಅಶ್ವದಳವೂ ಆ ಕಡೆಗೆ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದವರಲ್ಲಿ ಅದರ ಸವಾರರೂ ಇದ್ದರು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ತನ್ನ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲಿಯೇ ಮಾರಿಬಿಟ್ಟಿತು. 1930ರಲ್ಲಿ ಕೈರೋಗೆ ಬಂದ ಡೊರೋಥಿ ಬ್ರೂಕ್ ಎಂಬ ಮಹಿಳೆ, ಆ ಕುದುರೆಗಳು ಮುಪ್ಪಿನಲ್ಲಿ ಎಲುಬುಗೂಡಾಗಿ ಗಾಡಿ ಎಳೆಯುತ್ತಿದ್ದುದನ್ನು ಕಂಡರು. ಚಂದಾ ಎತ್ತಿ ಅವುಗಳನ್ನು ಕೊಂಡುಕೊಂಡರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. 1934ರಲ್ಲಿ ಅವರು ತೆರೆದ ಆಸ್ಪತ್ರೆ ಬಡ ಗಾಡಿಯವರ ಪ್ರಾಣಿಗಳಿಗೆ ಉಚಿತವಾಗಿ ಚಿಕಿತ್ಸೆ ನೀಡಿತು. ಕುದುರೆಯನ್ನು ಕಸಿದುಕೊಂಡರೆ ಅವನು ಇನ್ನೊಂದು ಬಡಕಲು ಕುದುರೆಯನ್ನು ತಂದು ಹೂಡುತ್ತಾನೆ. ಅವನ ಕುದುರೆಯನ್ನೇ ಗುಣಪಡಿಸಿ ಅವನ ಕೈಗೆ ಮರಳಿ ಕೊಡುವುದು ಮೇಲು. ನನಗೆ ಇದು ಕಾಯಿದೆಯ ಹತ್ತು ಕಲಮುಗಳಿಗಿಂತ ದೊಡ್ಡ ವಿವೇಕವಾಗಿ ತೋರುತ್ತದೆ.

ಯಂತ್ರಗಳು ಬಂದಿವೆ, ಇನ್ನು ಈ ಪ್ರಶ್ನೆ ತಾನಾಗಿಯೇ ಮುಗಿಯುತ್ತದೆ ಎನ್ನುವವರಿದ್ದಾರೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 3 ಲಕ್ಷಕ್ಕೂ ಹೆಚ್ಚಿದ್ದ ಕತ್ತೆಗಳು 2019ರ ಗಣತಿಯ ವೇಳೆಗೆ ಸುಮಾರು 1 ಲಕ್ಷ 20 ಸಾವಿರಕ್ಕೆ ಇಳಿದವು. ಕುದುರೆ ತಟ್ಟುಗಳ ಸಂಖ್ಯೆಯೂ ಅರ್ಧದಷ್ಟಕ್ಕೆ ಹತ್ತಿರ ಬಂದು, 3 ಲಕ್ಷ 40 ಸಾವಿರದಷ್ಟಾಯಿತು. ಸಂಖ್ಯೆ ಕುಗ್ಗಿದ ಮಾತ್ರಕ್ಕೆ ಉಳಿದವುಗಳ ಪಾಡು ಸುಧಾರಿಸಲಿಲ್ಲ. ಅನುಕೂಲವಿದ್ದವರು ಆಟೋ ಕೊಂಡರು. ಕೊಳ್ಳಲಾರದವರ ಬಳಿ ಮಾತ್ರ ಪ್ರಾಣಿ ಉಳಿಯಿತು. ಗಿರಾಕಿ ಕಡಿಮೆಯಾದಂತೆ ಮೇವೂ ಕಡಿಮೆಯಾಯಿತು. ಊರೂರಿನಲ್ಲಿದ್ದ ಲಾಳ ಕಟ್ಟುವವರು ಕಸುಬು ಬಿಟ್ಟರು. ದುಡಿಸಿಕೊಂಡು ಬೀದಿಗೆ ಬಿಟ್ಟ ಕತ್ತೆಗಳು ತಿಪ್ಪೆಯ ಪ್ಲಾಸ್ಟಿಕ್ ಚೀಲಗಳನ್ನು ಮೇಯತೊಡಗಿದವು. ಮುಂಬಯಿಯಲ್ಲಿ ವಿಹಾರದ ಕುದುರೆಗಾಡಿಗಳನ್ನು ಉಚ್ಚ ನ್ಯಾಯಾಲಯ 2015ರಲ್ಲಿ ನಿಷೇಧಿಸಿದಾಗ, ಅವುಗಳನ್ನೇ ನಂಬಿದ್ದ ಕುಟುಂಬಗಳಿಗೆ ಬೇರೆ ಬದುಕು ಕಲ್ಪಿಸುವ ಪ್ರಶ್ನೆಯೂ ಜೊತೆಯಲ್ಲಿಯೇ ಎದ್ದಿತು. ಏಳಲೇಬೇಕಾಗಿತ್ತು.

ನಮ್ಮ ಜಿಲ್ಲೆಯಲ್ಲಿ ಆಗಬಹುದಾದ ಕೆಲಸಗಳು ದೊಡ್ಡವೇನೂ ಅಲ್ಲ. 1962 ಎಂಬ ಸಂಖ್ಯೆಗೆ ಕರೆ ಮಾಡಿದರೆ ಪಶುವೈದ್ಯರ ವಾಹನ ಹಳ್ಳಿಗೆ ಬರುವ ಏರ್ಪಾಡು ಈಗ ಇದೆ. ಅದು ಹಾಲು ಕೊಡುವ ಹಸುವಿಗೆ ಮಾತ್ರವೆಂದು ತಿಳಿದು ಕತ್ತೆಯ ಯಜಮಾನ ಹಿಂಜರಿಯಬಾರದು, ಅವನಿಗೆ ಅದನ್ನು ಯಾರಾದರೂ ತಿಳಿಸಬೇಕು. ಪ್ರಾಣಿ ನಿಂತ ದಿನಗಳಿಗೆ ಅವನ ಮನೆಗೆ ಒಂದಿಷ್ಟು ನೆರವು ಸಿಗಬೇಕು. ಲಾಳ ಕಟ್ಟುವ ಕಸುಬನ್ನು ಬಲ್ಲವರು ಯಾರಾದರೂ ಉಳಿದಿದ್ದರೆ ಅವರಿಂದ ನಾಲ್ಕು ಹುಡುಗರು ಅದನ್ನು ಕಲಿಯಬೇಕು. ತೆರಕಣಾಂಬಿಯ ಸಂತೆಯಲ್ಲಿ, ಗುಂಡ್ಲುಪೇಟೆಯ ಮಾರುಕಟ್ಟೆಯ ಬಳಿ, ಚಾಮರಾಜನಗರದ ಪೇಟೆಯಲ್ಲಿ ಒಂದೊಂದು ಕಲ್ಲುಬಾನಿಯನ್ನು ಇಟ್ಟು ದಿನವೂ ನೀರು ತುಂಬಿಸುವ ಹೊಣೆಯನ್ನು ಪಂಚಾಯತಿಯೋ ಪುರಸಭೆಯೋ ಹೊರಬಹುದು. ಬಾನಿಯ ಅಂಚು ಕತ್ತೆಯ ಬಾಯಿಗೂ ಎಟುಕುವಷ್ಟು ತಗ್ಗಿನಲ್ಲಿರಲಿ; ಕುದುರೆಯ ಎತ್ತರಕ್ಕೆ ಕಟ್ಟಿಸಿದರೆ ಅದು ಮತ್ತೆ ಬರಿಗಾಲಲ್ಲಿ ಮರಳಬೇಕಾಗುತ್ತದೆ.