ಹಸೆಗೋಡೆಯ ಕೆಳಗೆ ಯಾರ ಹೆಸರು?

‘ಇದೆಂಥಾ ಪಿಟೀಲು? ಒಡೆದು ಚೂರು ಮಾಡಿಟ್ಟ ಹಾಗಿದೆ. ನಮ್ಮನೆ ಮಗುವೂ ಹೀಗೆ ಬರೆದೀತು.’ ಫ್ರೆಂಚ್ ಚಿತ್ರಕಾರ ಜಾರ್ಜ್ ಬ್ರಾಕ್ 1910ರಲ್ಲಿ ಬರೆದ ಪಿಟೀಲಿನ ಚಿತ್ರಗಳನ್ನು ಪುಸ್ತಕದಲ್ಲೋ ಕ್ಯಾಲೆಂಡರಿನಲ್ಲೋ ಕಂಡಾಗ ನಮ್ಮ ಓದುಬರಹ ಬಲ್ಲವರು ಆಡುವ ಮಾತಿದು. ಅದರ ಬೆಲೆ ಕೋಟಿಗಳಲ್ಲಿದೆ ಎಂದು ತಿಳಿದೊಡನೆ ಅದೇ ಜನ ದನಿ ತಗ್ಗಿಸಿ, ‘ಏನೋ ದೊಡ್ಡ ಅರ್ಥ ಇರಬೇಕು’ ಎನ್ನುತ್ತಾರೆ. ಮೊದಲು ನಕ್ಕಾಗಲೂ ಆಮೇಲೆ ಕೈಮುಗಿದಾಗಲೂ ಅವರು ಚಿತ್ರವನ್ನು ನೋಡಿರುವುದಿಲ್ಲ.

ನೋಡಿದರೆ ಅದು ಅಷ್ಟೇನೂ ಕಷ್ಟದ್ದಲ್ಲ. ಪಿಟೀಲನ್ನು ಯಾರೂ ಒಂದೇ ಕಡೆಯಿಂದ ಬಲ್ಲವರಲ್ಲ. ಕೈಗೆತ್ತಿಕೊಳ್ಳುತ್ತೇವೆ, ಹೊರಳಿಸುತ್ತೇವೆ, ಬೆನ್ನು ಸವರುತ್ತೇವೆ, ತಂತಿ ಮೀಟುತ್ತೇವೆ. ಆದರೆ 15ನೆಯ ಶತಮಾನದ ಇಟಲಿಯಿಂದ ಮುಂದಕ್ಕೆ ಯುರೋಪಿನ ಚಿತ್ರಕಲೆ ನೋಡುವವನನ್ನು ಒಂದು ಕಿಟಕಿಯ ಮುಂದೆ ಅಲುಗಾಡದಂತೆ ನಿಲ್ಲಿಸಿ, ಅಲ್ಲಿಂದ ಕಂಡಷ್ಟೇ ಸತ್ಯ ಎನ್ನುತ್ತಾ ಬಂತು. ಬ್ರಾಕ್ ಮತ್ತು ಪಿಕಾಸೊ ಈ ಕಟ್ಟಳೆಯನ್ನು ಮುರಿದರು. ವಾದ್ಯದ ಮುಂಭಾಗ, ಪಕ್ಕೆ, ಕತ್ತು ಎಲ್ಲವನ್ನೂ ಒಂದೇ ಪಟದ ಮೇಲೆ ಬಿಚ್ಚಿ ಹರಡಿದರು. ಇದಕ್ಕೇ ಕ್ಯೂಬಿಸಂ ಎಂಬ ಹೆಸರು ಬಿತ್ತು. ಮುಟ್ಟಿದರೆ ಜೀವ ಬರುವ ವಸ್ತು ವಾದ್ಯ ಎಂಬುದು ಬ್ರಾಕ್‌ನ ತಿಳಿವಳಿಕೆ. ಮುಟ್ಟಿ ತಿಳಿದದ್ದನ್ನು ಕಣ್ಣಿಗೆ ತೋರಿಸುವುದು ಆ ಚಿತ್ರಗಳ ಹಟ.

ಇಷ್ಟನ್ನು ಮೆಚ್ಚಿದ ಮೇಲೆ ಒಂದು ಲೆಕ್ಕ ಕೇಳಲೇಬೇಕು. 1912ರ ಕೊನೆಯಲ್ಲಿ ಪಿಕಾಸೊ ರಟ್ಟು, ದಾರ, ತಂತಿ ಸೇರಿಸಿ ಒಂದು ಗಿಟಾರ್ ಕಟ್ಟಿದ. ಅದರ ನಾದರಂಧ್ರ ಒಳಗೆ ಕುಳಿ ಬೀಳುವ ಬದಲು ಕೊಳವೆಯಂತೆ ಹೊರಕ್ಕೆ ಚಾಚಿದೆ. ಈ ಉಪಾಯ ಪಶ್ಚಿಮ ಆಫ್ರಿಕಾದ ಗ್ರೇಬೊ ಜನರ ಮುಖವಾಡದಿಂದ, ಅದರ ಹೊರಚಾಚಿದ ಕಣ್ಣುಗಳಿಂದ ಬಂತೆಂದು ಬರೆದವನು ಪಿಕಾಸೊನ ಚಿತ್ರಗಳನ್ನು ಮಾರುತ್ತಿದ್ದ ಕಾನ್‌ವೈಲರ್. ಆ ಗಿಟಾರ್ ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ, ಪಿಕಾಸೊನ ಹೆಸರಿನೊಂದಿಗೆ. ಮುಖವಾಡ ಕೆತ್ತಿದ ಕೈ ಯಾರದು? ಯಾರೂ ಬರೆದಿಡಲಿಲ್ಲ.

ಕಲಾಶಾಲೆಗಳಿಗಿಂತ ಭಾಷೆಯೇ ಎಷ್ಟೋ ಪ್ರಾಮಾಣಿಕ. ಗ್ರೀಕರ ‘ಕಿಥಾರಾ’ ಅರಬ್ಬಿಯ ‘ಕಿತಾರಾ’ ಆಗಿ, ಸ್ಪೇನಿನಲ್ಲಿ ‘ಗಿತಾರ್ರಾ’ ಆಯಿತು. ಯುರೋಪಿನ ‘ಲ್ಯೂಟ್’ ಅರಬರ ‘ಅಲ್-ಊದ್’. ಪಡೆದ ಸಾಲವನ್ನು ಪದ ಮರೆಯಲಿಲ್ಲ, ಮರೆತವರು ಮನುಷ್ಯರು.

ಪ್ಯಾರಿಸ್ಸಿನ ಜಗಳ ನಮಗೇಕೆ ಎನ್ನುವವರು ಸಾಗರ, ಹೊಸನಗರದ ದೀವರ ಮನೆಗಳ ಹಸೆಗೋಡೆಯ ಮುಂದೆ ನಿಲ್ಲಲಿ. ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಮದುವೆಗೆಂದು ಹಾಡು ಹೇಳಿಕೊಂಡು ಹೆಂಗಸರು ಎಳೆಯುವ ಗೆರೆ ತಪ್ಪುವುದಿಲ್ಲ. ತ್ರಿಕೋನಗಳಾಗಿ ನಿಂತ ಮದುಮಕ್ಕಳು ಎದುರಿನಿಂದ ಕಾಣುತ್ತಾರೆ. ಸುತ್ತಲಿನ ಹೆಣಿಗೆ ನೆಲಕ್ಕೆ ಹಾಸಿದ ಚಾಪೆಯಂತೆ ಮೇಲಿನಿಂದ ಕಾಣುತ್ತದೆ. ಒಂದೇ ಗೋಡೆಯಲ್ಲಿ ಎರಡು ನೋಟ.

ಹಾಗೆಂದು ‘ದೀವರ ಹೆಂಗಸರು ನಮ್ಮ ಕ್ಯೂಬಿಸ್ಟರು’ ಎಂದು ಭಾಷಣ ಮಾಡುವವರ ಮೇಲೂ ನಮ್ಮ ತಕರಾರಿದೆ. ಬ್ರಾಕ್‌ಗೆ ಮುರಿಯಲು ಒಂದು ಕಿಟಕಿಯಿತ್ತು. ಈ ಹೆಂಗಸರಿಗೆ ಆ ಕಿಟಕಿಯ ಗೊಡವೆಯೇ ಇರಲಿಲ್ಲ. ಪ್ಯಾರಿಸ್ಸಿನ ಸರ್ಟಿಫಿಕೇಟು ತಂದರಷ್ಟೇ ಮಲೆನಾಡಿನ ಗೋಡೆ ಕಲೆಯಾಗುತ್ತದೆ ಎನ್ನುವುದು ಗೌರವದ ವೇಷ ತೊಟ್ಟ ಅವಮಾನ.

ನಮ್ಮ ಪ್ರಶ್ನೆ ಹೆಸರಿನದು. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಗೆ ಹೋದವರು ಕವಿಶೈಲದ ಕಲ್ಲುಗಳನ್ನು ನಿಲ್ಲಿಸಿದ ಕಲಾವಿದ ಕೆ.ಟಿ. ಶಿವಪ್ರಸಾದ್ ಎಂದು ತಿಳಿದು ಬರುತ್ತಾರೆ. ಅದು ಸರಿಯಾದದ್ದೇ. ಆದರೆ ಹೋಂಸ್ಟೇಯ ಗೋಡೆಗೆ, ಆಮಂತ್ರಣ ಪತ್ರಿಕೆಗೆ, ಸಮಾರಂಭದ ಫ್ಲೆಕ್ಸಿಗೆ ಚಿತ್ತಾರ ಏರಿದಾಗ ಬರೆದವಳ ಹೆಸರು ಎಲ್ಲಿ ಹೋಗುತ್ತದೆ? ‘ಜಾನಪದ’ ಎಂಬ ಒಂದು ಪದದೊಳಗೆ ಅವಳನ್ನು ಹೂತು, ಮೇಲೆ ಮುದ್ರಕನ ಫೋನ್ ನಂಬರು ಹಾಕುತ್ತೇವೆ.

‘ಅದು ಸಮುದಾಯದ ಕಲೆ, ಅವರು ಎಂದಾದರೂ ರುಜು ಹಾಕಿದ್ದುಂಟೆ?’ ಎಂದು ಕೇಳುವ ಪಂಡಿತರಿದ್ದಾರೆ. ಹಾಕಲಿಲ್ಲ, ನಿಜ. ಅಗತ್ಯವಿರಲಿಲ್ಲ. ಮದುವೆಗೆ ಬಂದ ಊರಿಗೆಲ್ಲ ಅದು ಯಾರ ಕೈ ಎಂದು ಗೆರೆ ನೋಡಿದರೇ ಗೊತ್ತಾಗುತ್ತಿತ್ತು. ಚಿತ್ತಾರ ಊರಿನ ಗಡಿ ದಾಟಿದ ದಿನವೇ ಆ ಗುರುತು ಕಳಚಿತು. ಗುರುತು ಕಳೆದವರು ನಾವು. ಹೆಸರಿನ ಹಂಬಲವಿಲ್ಲದ ಮುಗ್ಧರು ಎಂದು ಅವರನ್ನೇ ಹೊಗಳಿದರೆ ಆಯಿತೇ? ಮಣ್ಣಿನ ಗೋಡೆಗಳು ಹೋಗಿ ಸಿಮೆಂಟು ಬಂದ ಕಾಲದಲ್ಲಿ ಈ ಕಲೆ ಬದುಕಬೇಕಾದದ್ದು ಊರಾಚೆಯ ಗಿರಾಕಿಯಿಂದಲೇ. ಹೆಸರಿಲ್ಲದವಳು ಅವನ ಹತ್ತಿರ ದರ ಮಾತಾಡುವುದು ಹೇಗೆ?

ಹಳ್ಳಿಯವರಿಗೆ ಇದೆಲ್ಲ ಅರ್ಥವಾಗದು ಎಂಬ ಮಾತಂತೂ ನಮ್ಮ ಸೀಮೆಯಲ್ಲಿ ನಡೆಯುವುದಿಲ್ಲ. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಮ್ 1970ರ ದಶಕದಲ್ಲೇ ಅಡಕೆ ತೋಟದ ಜನರಿಗೆ ಜಗತ್ತಿನ ಸಿನಿಮಾ ತೋರಿಸಿತು. ಅವರು ಕೂತು ನೋಡಿದರು, ವಾದ ಮಾಡಿದರು. ಕಣ್ಣಿಗೆ ಅಭ್ಯಾಸ ಬೇಕು, ಅಷ್ಟೆ. ಆ ಅಭ್ಯಾಸ ಆಗಬೇಕಾದ ಶಾಲೆಯಲ್ಲಿ ಚಿತ್ರಕಲೆಯ ಪೀರಿಯಡ್ ಎಂದರೆ ಗಣಿತದ ಮೇಷ್ಟ್ರು ಬಾಕಿ ಪಾಠ ಮುಗಿಸಿಕೊಳ್ಳುವ ಸಮಯವಾಗಿದೆ.

ಆದ್ದರಿಂದ ಈ ಮೂರು ತಾಲೂಕುಗಳ ಸಂಸ್ಥೆಗಳಿಗೆ, ಇಲಾಖೆಗಳಿಗೆ, ಮನೆ ಕಟ್ಟಿಸುವವರಿಗೆ ನಾವು ಹೇಳುವುದು ಇಷ್ಟು: ಚಿತ್ತಾರ ಬರೆಸಿದರೆ, ಮುದ್ರಿಸಿದರೆ, ಬರೆದವಳ ಹೆಸರನ್ನೂ ಊರನ್ನೂ ಅದರ ಕೆಳಗೆ ಬರೆಯಿರಿ. ಕೈಗೆ ಕಾಸು ಕೊಡಿ, ಶಾಲು ಸಾಲದು. ಅವಳನ್ನು ಶಾಲೆಗೆ ಗೌರವಧನ ಕೊಟ್ಟು ಕರೆಸಿ, ಮಕ್ಕಳ ಮುಂದೆ ಗೆರೆ ಎಳೆಯಲಿ. ಅದನ್ನು ಕಣ್ಣಾರೆ ಕಂಡ ಮಗು ಮುಂದೆಂದೋ ಬ್ರಾಕ್‌ನ ಪಿಟೀಲು ನೋಡಿ ನಗುವುದಿಲ್ಲ, ಬೆಲೆ ಕೇಳಿ ಹೆದರುವುದೂ ಇಲ್ಲ.