ರಾಜಧಾನಿಯ ಸಂಚಾರ ಯೋಜನೆಯೂ ಮಹಾಜನರ ಅಭಿಪ್ರಾಯವೂ

ಬೆಂಗಳೂರಿನ ಸಂಚಾರಕ್ಕಾಗಿ ಯೋಜನೆಗಳನ್ನು ರಚಿಸುವುದರಲ್ಲಿ ಸರಕಾರದವರು ಎಂದೂ ಔದಾಸೀನ್ಯ ತೋರಿದವರಲ್ಲ. ಯೋಜನೆಗಳು ಬೇಕಾದಷ್ಟಿವೆ. ಅವು ಮಹಾಜನರ ಮುಂದೆ ಬರುವ ಹೊತ್ತನ್ನು ಕುರಿತೇ ನಮ್ಮ ಆಕ್ಷೇಪಣೆ. ನಿರ್ಧಾರವೆಲ್ಲ ಮುಗಿದ ಮೇಲೆ ಅಭಿಪ್ರಾಯ ಕೇಳುವುದು, ಲಗ್ನವಾದ ಮೇಲೆ ಜಾತಕ ತರಿಸಿದಂತಲ್ಲವೆ?

2016ರ ಉಕ್ಕಿನ ಮೇಲ್ಸೇತುವೆಯ ಪ್ರಕರಣವನ್ನು ವಾಚಕರು ಮರೆತಿರಲಾರರು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಅದರ ಉದ್ದ 6.7 ಕಿಲೋಮೀಟರು, ಅದಕ್ಕೆ ಬಲಿಯಾಗಬೇಕಾಗಿದ್ದ ಮರಗಳು 812, ವೆಚ್ಚವು 1,791 ಕೋಟಿ ರೂಪಾಯಿ. ಇಂಥ ಕಾರ್ಯವನ್ನು ಕುರಿತು ಅಭಿವೃದ್ಧಿ ಪ್ರಾಧಿಕಾರದವರಿಗೆ ಬಂದ ಅಭಿಪ್ರಾಯಗಳು, ಕೋಟಿ ಜನರ ಈ ಊರಿನಲ್ಲಿ, ಮುನ್ನೂರನ್ನೂ ಮುಟ್ಟಲಿಲ್ಲ. ಅಷ್ಟನ್ನೇ ಜನಸಮ್ಮತಿಯೆಂದು ಎಣಿಸಿ ಮುಂದುವರಿಯಲಾಯಿತು. ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ಕೈಗೆ ಕೈ ಜೋಡಿಸಿ ಬೀದಿಯುದ್ದಕ್ಕೂ ನಿಂತು 'ಬೇಡ' ಎಂದರು. 2017ರ ಮಾರ್ಚಿಯಲ್ಲಿ ಸರಕಾರವು ಯೋಜನೆಯನ್ನು ಕೈಬಿಟ್ಟಿತು. ಜನರು ಗೆದ್ದರೆಂದು ಹಿಗ್ಗಿದವರು ಹಲವರು. ನಮಗೆ ಅಷ್ಟು ಹಿಗ್ಗು ಇಲ್ಲ. ಸಭೆಯಲ್ಲಿ ಹೇಳಬಹುದಾಗಿದ್ದ ಮಾತನ್ನು ಬೀದಿಗಿಳಿದು ಹೇಳಬೇಕಾಗಿ ಬಂದುದು ಯಾವ ಆಡಳಿತಕ್ಕೂ ಭೂಷಣವಲ್ಲ.

ಹಾಗಾದರೆ ಸಭೆಯೆಲ್ಲಿ? ಹತ್ತು ಲಕ್ಷಕ್ಕೆ ಕಡಮೆಯಲ್ಲದ ಜನರುಳ್ಳ ಪ್ರತಿಯೊಂದು ಮಹಾನಗರ ಪ್ರದೇಶಕ್ಕೂ ಯೋಜನಾ ಸಮಿತಿಯೊಂದು ಇರತಕ್ಕದ್ದೆಂದೂ, ಅದರ ಮೂರರಲ್ಲಿ ಎರಡು ಪಾಲು ಸದಸ್ಯರನ್ನಾದರೂ ನಗರಸಭೆಗಳ ಚುನಾಯಿತರೂ ಪಂಚಾಯಿತಿಗಳ ಅಧ್ಯಕ್ಷರೂ ತಮ್ಮೊಳಗಿನಿಂದ ಆರಿಸತಕ್ಕದ್ದೆಂದೂ 1992ರ 74ನೆಯ ಸಂವಿಧಾನ ತಿದ್ದುಪಡಿಯು ವಿಧಿಸಿದೆ. ಬೆಂಗಳೂರಿಗೆ ಅಂಥ ಸಮಿತಿ ಒದಗಲು ಇಪ್ಪತ್ತು ವರ್ಷಗಳಿಗೂ ಮೀರಿ ಹಿಡಿಯಿತು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಸದಸ್ಯರ ಅವಧಿಯೇ ತೀರಿತು; ಚುನಾವಣೆಯಿಲ್ಲದೆ ಐದು ವರ್ಷಗಳು ಉರುಳಿದವು. ಚುನಾಯಿತರೇ ಇಲ್ಲದ ಊರಿನಲ್ಲಿ ಚುನಾಯಿತರ ಸಮಿತಿಯು ಆಕಾಶದಿಂದ ಇಳಿಯಬೇಕೆ?

2022ರ ಶಾಸನದಿಂದ ಹುಟ್ಟಿದ ಭೂಸಾರಿಗೆ ಪ್ರಾಧಿಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಬಸ್ಸು, ಮೆಟ್ರೋ, ರಸ್ತೆಗಳನ್ನು ಒಂದೇ ದೃಷ್ಟಿಯಿಂದ ನೋಡುವವರು ಬೇಕೇ ಆಗಿದ್ದರು. ಆದರೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯಲ್ಲಿ ಬಹುಮಟ್ಟಿಗೆ ಇಲಾಖೆಗಳ ಮುಖ್ಯರೇ ಕುಳಿತುಕೊಳ್ಳುವ ಆ ಮಂಡಲಿಗೆ, ರಾಮನಗರದಿಂದಲೋ ದೊಡ್ಡಬಳ್ಳಾಪುರದಿಂದಲೋ ಮುಂಜಾನೆಯ ರೈಲಿನಲ್ಲಿ ನಿಂತೇ ಬರುವ ಗುಮಾಸ್ತನ ಮಾತು ಯಾವ ದಾರಿಯಿಂದ ತಲುಪಬೇಕು? ಆತನಿಗೆ ಬೇಕಾದ ಉಪನಗರ ರೈಲಿನ ಸೂಚನೆಯು 1983ರಷ್ಟು ಹಳೆಯದು. 148 ಕಿಲೋಮೀಟರಿನ ಆ ಕಾರ್ಯಕ್ಕೆ ಶಂಕುಸ್ಥಾಪನೆಯಾದುದು 2022ರ ಜೂನಿನಲ್ಲಿ. ಕಾರುಳ್ಳವರ ಮೇಲ್ಸೇತುವೆಗೆ ಇಷ್ಟು ತಾಳ್ಮೆ ಬೇಕಾಗಿದ್ದುದನ್ನು ನಾವು ಕಂಡಿಲ್ಲ.

ಆದುದರಿಂದ ನಾವು ಕೇಳುವುದಿಷ್ಟೆ: ಪ್ರತಿಯೊಂದು ಯೋಜನೆಯ ಕರಡೂ ಟೆಂಡರಿಗೆ ಮುನ್ನವೇ ಕನ್ನಡದಲ್ಲಿ ಪ್ರಕಟವಾಗಲಿ, ವಾರ್ಡು ವಾರ್ಡುಗಳಲ್ಲಿಯೂ ಸುತ್ತಲ ತಾಲ್ಲೂಕುಗಳಲ್ಲಿಯೂ, ದುಡಿಯುವವರು ಬರಬಹುದಾದ ಸಂಜೆಯ ಹೊತ್ತಿನಲ್ಲಿ, ಸಭೆಗಳು ಕೂಡಲಿ, ತಳ್ಳಿಹಾಕಿದ ಆಕ್ಷೇಪಣೆಗಳಿಗೆ ಕಾರಣವನ್ನು ಅಧಿಕಾರಿಗಳು ಬರಹದಲ್ಲಿ ಕೊಡಲಿ.